ಅಮರೇಶ್ವರಿ ಕಂಡ ಓರೆಗಳು

ಗೋಡೆಯ ಮೇಲಿನ ಪಟ ಒಂದು ಬೆರಳಷ್ಟು ಓರೆಯಾಗಿದ್ದರೂ ಅಮರೇಶ್ವರಿಯ ಕೈ ಸುಮ್ಮನಿರುತ್ತಿರಲಿಲ್ಲ. ಬೀಗರ ಮನೆಗೆ ಹೋದಾಗಲೂ ಅಷ್ಟೆ. ಕುಡಿದ ನೀರಿನ ಲೋಟ ಕೆಳಗಿಡುವ ಮೊದಲೇ ಎದ್ದುಹೋಗಿ, ಪಟ ಸರಿಮಾಡಿ, ಏನೂ ಆಗದವಳಂತೆ ಬಂದು ಕೂರುತ್ತಿದ್ದಳು. ಒಮ್ಮೆ ಲಿಂಗಸುಗೂರಿನಿಂದ ಮಸ್ಕಿಗೆ ಹೋಗುವ ಬಸ್ಸಿನಲ್ಲಿ ಚಾಲಕನ ತಲೆಯ ಮೇಲಿದ್ದ ಶಿವನ ಪಟ ವಾಲಿತ್ತು. ಬಸ್ಸು ನಿಂತ ಕೂಡಲೇ ಆಕೆ ಮುಂದೆ ಹೋಗಿ ಅದನ್ನು ನೆಟ್ಟಗೆ ಮಾಡಿದಳು.

“ಯಕ್ಕಾ, ಹಂಗ ಈ ರಸ್ತೇನೂ ಒಂದೀಟು ನೆಟ್ಟಗ ಮಾಡಿಕೊಡ್ರಿ, ಪುಣ್ಯ ಬರ್ತದ,” ಎಂದ ಚಾಲಕ. ಬಸ್ಸಿನವರೆಲ್ಲ ನಕ್ಕರು. ಅಮರೇಶ್ವರಿಯೂ ನಕ್ಕಳು.

ಆಕೆ ಹುಟ್ಟಿದ್ದು ಮಸ್ಕಿಯಲ್ಲಿ. ತಂದೆ ವಾರದ ಸಂತೆಯಲ್ಲಿ ಹಗ್ಗ, ಮಿಣಿ, ಎತ್ತಿನ ಮೂಗುದಾರ ಮಾರುತ್ತಿದ್ದ. ಏಳನೆಯ ತರಗತಿ ಮುಗಿಸಿ, ಮನೆಗೆಲಸ ಕಲಿತು, ಲಿಂಗಸುಗೂರಿನ ಬಸವಂತರಾಯನ ಕೈ ಹಿಡಿದಳು. ಬಸವಂತರಾಯ ಅಲ್ಲಿನ ಒಂದು ಪದವಿ ಕಾಲೇಜಿನಲ್ಲಿ ಅಟೆಂಡರ್ ಆಗಿದ್ದ. ಮಗಳು ರಾಜಶ್ರೀ ಇನ್ನೂ ತೊದಲುತ್ತಿದ್ದಾಗಲೇ ಅವನು ಕಾಮಾಲೆಯಲ್ಲಿ ತೀರಿಕೊಂಡ. ಅವನ ಕೆಲಸ ಹೆಂಡತಿಗೆ ಬಂತು. ವಿಜ್ಞಾನ ವಿಭಾಗದ ಪ್ರಯೋಗಶಾಲೆಗಳ ಬಾಗಿಲು ತೆಗೆಯುವುದು, ಕಸ ಹೊಡೆಯುವುದು, ಗಾಜಿನ ಸಾಮಾನು ತೊಳೆದಿಡುವುದು, ಪಾಠಕ್ಕೆ ಬೇಕಾದುದನ್ನು ಮೇಜಿನ ಮೇಲೆ ಹೊಂದಿಸುವುದು, ಇದು ಆಕೆಯ ಕೆಲಸ. ಎಲ್ಲವನ್ನೂ ನೆಟ್ಟಗೆ ಸಾಲಾಗಿ ಇಡುವವಳಿಗೆ ಇದಕ್ಕಿಂತ ಒಪ್ಪುವ ಕೆಲಸ ಬೇರೆ ಸಿಗುತ್ತಿರಲಿಲ್ಲ.

ಆದರೆ ಆ ಪ್ರಯೋಗಶಾಲೆಗಳೇ ಆಕೆಗೆ ಓರೆಯನ್ನು ತೋರಿಸಿಕೊಟ್ಟವು.

ಕೆಲಸಕ್ಕೆ ಸೇರಿದ ಮೊದಲ ವಾರದ ಮಾತು. ಸೂಕ್ಷ್ಮಜೀವಿಗಳ ಪಾಠ ಮಾಡುತ್ತಿದ್ದವರು ಮೆಹರಬಾನು ಮೇಡಂ. ಸಿಂಧನೂರಿನವರು. ದಿನವೂ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಆ ಸಂಜೆ ಅವರು ಅಗರ್ ಎಂಬ ಗಂಜಿಯಂಥದ್ದನ್ನು ಕಾಯಿಸಿ, ಸಣ್ಣ ಗಾಜಿನ ನಳಿಗೆಗಳಿಗೆ ಸುರಿದು, ಬಾಯಿಗೆ ಹತ್ತಿ ತುರುಕಿ, ಮೇಜಿನ ಮೇಲೊಂದು ಕೋಲಿಗೆ ಒರಗಿಸಿಟ್ಟು ಬಸ್ಸು ಹಿಡಿಯಲು ಓಡಿದರು. ಬಾಗಿಲು ಹಾಕಲು ಬಂದ ಅಮರೇಶ್ವರಿ ನೋಡುತ್ತಾಳೆ, ನಳಿಗೆಗಳೆಲ್ಲ ಸಾಲಾಗಿ ಓರೆ ಬಿದ್ದುಕೊಂಡಿವೆ. ಹುಡುಗರ ಅವಸರದ ಕೆಲಸವೆಂದುಕೊಂಡಳು. ಒಂದೊಂದನ್ನೇ ಎತ್ತಿ, ಮರದ ಸ್ಟ್ಯಾಂಡಿನಲ್ಲಿ ಕಂಬದಂತೆ ನೆಟ್ಟಗೆ ನಿಲ್ಲಿಸಿ, ಸಮಾಧಾನದಿಂದ ಬೀಗ ಹಾಕಿದಳು.

ಬೆಳಿಗ್ಗೆ ಮೆಹರಬಾನು ಬಂದು ನೋಡಿ ತಲೆಯ ಮೇಲೆ ಕೈ ಇಟ್ಟುಕೊಂಡರು.

“ಇವನ್ನ ಯಾರು ನಿಲ್ಲಿಸಿದ್ರು?”

“ನಾನ ರೀ ಮೇಡಂ. ಬಿದ್ದಿದ್ವು.”

“ಬಿದ್ದಿರಲಿಲ್ಲ ಬೇ, ನಾನ ಮಲಗಿಸಿದ್ದೆ.” ಬೈಯುತ್ತಾರೆಂದು ಅಮರೇಶ್ವರಿ ಸೆರಗಿನ ತುದಿ ಹಿಡಿದು ನಿಂತಿದ್ದಳು. ಆದರೆ ಮೆಹರಬಾನು ಅವರಿಗೆ ನಗು ಬಂತು. ಒಂದು ನಳಿಗೆಯನ್ನು ಬೆಳಕಿಗೆ ಹಿಡಿದರು. “ಇಲ್ಲಿ ನೋಡು. ನೆಟ್ಟಗ ನಿಂತು ಹೆಪ್ಪುಗಟ್ಟಿದ್ರ ಮ್ಯಾಗ ಒಂದು ಕಾಸಿನಷ್ಟು ಜಾಗ. ವಾರಿ ಮಲಗಿ ಹೆಪ್ಪುಗಟ್ಟಿದ್ರ ಉದ್ದಕ್ಕ ಒಂದು ಹೊಲ. ಆ ಜೀವಗಳು ಬೆಳೀಬೇಕಲ್ಲ, ಹೊಲ ಬ್ಯಾಡೇನು?”

ಆ ಸೀಮೆಯ ಬಾಯಲ್ಲಿ ಓರೆಗೆ ವಾರಿ ಎನ್ನುತ್ತಾರೆ. ಕೆಟ್ಟದ್ದೇನೂ ಆಗಿರಲಿಲ್ಲ. ಅಗರನ್ನು ಮತ್ತೆ ಕಾಯಿಸಿ ಕರಗಿಸಿ, ಮತ್ತೆ ಕೋಲಿಗೆ ಒರಗಿಸಿಟ್ಟರು. ಈ ಸಲ ಅಮರೇಶ್ವರಿ ಉಸಿರು ಬಿಗಿಹಿಡಿದು ದೂರ ನಿಂತಳು. ಎರಡು ದಿನದ ಮೇಲೆ ಆ ಓರೆ ಬಯಲಿನ ಮೇಲೆ, ತಂತಿಯ ತುದಿಯಿಂದ ಮೇಡಂ ಎಳೆದಿದ್ದ ಗೆರೆಯ ಉದ್ದಕ್ಕೂ, ಅರಿಶಿನದ ಬಣ್ಣದ ಒಂದು ಎಳೆ ಬೆಳೆದು ನಿಂತಿತ್ತು. ಮುಂಜಾನೆಯ ಅಂಗಳದಲ್ಲಿ ಯಾರೋ ಬೆರಳಿನಿಂದ ಎಳೆದ ರಂಗೋಲಿಯ ಗೆರೆಯ ಹಾಗೆ. ಅದು ಲೆಕ್ಕವಿಲ್ಲದಷ್ಟು ಜೀವಗಳ ಗುಂಪು ಎಂದು ಮೇಡಂ ಹೇಳಿದಾಗ ಅಮರೇಶ್ವರಿ ನಳಿಗೆಯನ್ನು ಮುಟ್ಟಲು ಹೆದರಿ ಕೈ ಹಿಂದೆ ಕಟ್ಟಿಕೊಂಡಳು. ಅಷ್ಟು ಹೊತ್ತು ನೋಡುತ್ತ ನಿಂತಳೆಂದರೆ, ಪಕ್ಕದ ಕೋಣೆಯಲ್ಲಿ ಗಂಟೆ ಬಾರಿಸುವುದನ್ನೇ ಮರೆತಳು.

ಅಂದಿನಿಂದ ಆಕೆಯ ಕಣ್ಣು ಓರೆಯನ್ನು ಹುಡುಕತೊಡಗಿತು. ಸಸ್ಯಶಾಸ್ತ್ರದವರು ಒಮ್ಮೆ ಬೇವಿನ ಎಲೆ ತರಲು ಕಳಿಸಿದರು. ತಂದುಕೊಟ್ಟವಳು ಪಾಠ ಕೇಳುತ್ತ ಬಾಗಿಲಲ್ಲೇ ನಿಂತಳು. ಬೇವಿನ ಒಂದೊಂದು ಎಲೆಯ ಬುಡದಲ್ಲೂ ನಡುನರದ ಎರಡು ಬದಿ ಸಮನಾಗಿ ಸೇರುವುದಿಲ್ಲ, ಒಂದು ಬದಿ ಮೇಲೆ, ಇನ್ನೊಂದು ಬದಿ ಕೆಳಗೆ. ಪ್ರತಿ ಯುಗಾದಿಗೂ ಬೇವು ತಿಂದವಳು, ಮನೆಯ ಮುಂದಿನ ಬೇವಿನ ನೆರಳಲ್ಲಿ ಮಗಳನ್ನು ಆಡಿಸಿದವಳು, ಅದನ್ನು ಎಂದೂ ಕಂಡಿರಲಿಲ್ಲ. ಸಂಜೆ ಮನೆಗೆ ಬಂದು ಟೊಂಗೆ ಬಗ್ಗಿಸಿ ಎಲೆಯ ಮೇಲೆ ಎಲೆ ನೋಡಿದಳು. ಒಂದೂ ತಪ್ಪಿರಲಿಲ್ಲ.

ಪ್ರಾಣಿಶಾಸ್ತ್ರದ ಕೋಣೆಯಲ್ಲಿ ಚರ್ಮ ಸುಲಿದಂತೆ ತೋರುವ ಮನುಷ್ಯನ ಮಣ್ಣಿನ ಬೊಂಬೆಯೊಂದು ನಿಂತಿತ್ತು. ವಾರಕ್ಕೊಮ್ಮೆ ಅದರ ಧೂಳು ಒರೆಸುವುದು ಆಕೆಯ ಪಾಲಿಗೆ. ಅದರ ಹೊಟ್ಟೆಯ ಪಕ್ಕದಲ್ಲಿ ಸ್ನಾಯುಗಳು ಓರೆಯಾಗಿ ಇಳಿದಿದ್ದವು, ಅವುಗಳ ಕೆಳಗೆ ಇನ್ನೊಂದು ಪದರ ಎದುರು ಓರೆಯಲ್ಲಿ ಹಾಯ್ದಿತ್ತು. ತಂದೆ ಹೊರಸು ಮಂಚಕ್ಕೆ ನುಲಿಹಗ್ಗ ಹೆಣೆಯುತ್ತಿದ್ದುದೂ ಹೀಗೆಯೇ. ಅಡ್ಡಡ್ಡ ಹೆಣೆದರೆ ಜೋತುಬೀಳುತ್ತದೆ, ಓರೆ ಹೆಣೆದರೆ ಭಾರ ತಡೆಯುತ್ತದೆ ಎನ್ನುತ್ತಿದ್ದ. ಮನುಷ್ಯನ ಹೊಟ್ಟೆಯನ್ನೂ ಯಾರೋ ಹಾಗೆಯೇ ಹೆಣೆದಿದ್ದಾರಲ್ಲ ಎಂದು ಆಕೆ ಬಟ್ಟೆ ಹಿಡಿದ ಕೈಯನ್ನು ತನ್ನ ಪಕ್ಕೆಯ ಮೇಲಿಟ್ಟು ನೋಡಿಕೊಂಡಳು.

ಎಲ್ಲಕ್ಕಿಂತ ಆಕೆಯನ್ನು ಬೆರಗುಗೊಳಿಸಿದ್ದು ಸ್ವಂತ ಊರಿನ ಬಂಡೆ. ಭೂವಿಜ್ಞಾನದ ಚನ್ನವೀರ ಸರ್ ಹುಡುಗರನ್ನು ಮಸ್ಕಿಯ ಸುತ್ತಿನ ಬೆಟ್ಟಗಳಿಗೆ ಕರೆದೊಯ್ದಾಗ ಚೀಲ ಹೊರಲು ಅಮರೇಶ್ವರಿಯೂ ಹೋಗಿದ್ದಳು. ಚಿಕ್ಕಂದಿನಲ್ಲಿ ಸೌದೆ ಆಯುತ್ತ ಓಡಾಡಿದ ಜಾಗ. ಕಪ್ಪು ಕಲ್ಲಿನ ಪದರಗಳು ನೆಲದಿಂದ ಕಡಿದಾಗಿ ಎದ್ದು, ಪುಸ್ತಕಗಳನ್ನು ಒಂದಕ್ಕೊಂದು ಒರಗಿಸಿಟ್ಟಂತೆ ಕಾಣುತ್ತಿದ್ದವು. ಚನ್ನವೀರ ಸರ್ ಒಂದು ಸಣ್ಣ ಉಪಕರಣವನ್ನು ಪದರದ ಮೇಲಿಟ್ಟು ಅದರ ಓರೆಯನ್ನು ಅಳೆದರು. ಮತ್ತೆ ಹುಡುಗರಿಗೆ ಹೇಳಿದರು, ಈ ಕಲ್ಲು ಹುಟ್ಟಿದಾಗ ಚಾಪೆಯ ಹಾಗೆ ಸಪಾಟಾಗಿ ಮಲಗಿತ್ತು, ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಿಂದೆ, ಆಮೇಲೆ ಭೂಮಿ ಅದನ್ನು ಮಡಿಚಿ ಎತ್ತಿ ನಿಲ್ಲಿಸಿತು, ಆ ಮಡಿಕೆಗಳ ಸಂದಿಯಲ್ಲೇ ನಮ್ಮ ಸೀಮೆಯ ಬಂಗಾರ ಕೂತಿದೆ ಎಂದು.

ಅಮರೇಶ್ವರಿ ಚೀಲ ಕೆಳಗಿಟ್ಟಳು. “ಸರ್, ಇಷ್ಟು ದೊಡ್ಡ ಬಂಡಿಗಲ್ಲು ಎತ್ತೋವಾಗ ಸಪ್ಪಳ ಆಗಿರಬೇಕಲ್ರಿ?”

ಹುಡುಗರು ನಕ್ಕರು. ಚನ್ನವೀರ ಸರ್ ನಗಲಿಲ್ಲ. “ಇಲ್ಲವ್ವ. ನಿನ್ನ ಉಗುರು ಬೆಳೆದಷ್ಟು ನಿಧಾನ ಎತ್ಯಾದ. ಸಪ್ಪಳ ಕೇಳಾಕ ಯಾರೂ ಇರಲೂ ಇಲ್ಲ.”

 ಆ ಸಂಜೆ ಬಸ್ಸಿನಲ್ಲಿ ಆಕೆ ತನ್ನ ಉಗುರುಗಳನ್ನೇ ನೋಡುತ್ತ ಬಂದಳು.

ಮೆಹರಬಾನು ಮೇಡಂ ಒಮ್ಮೆ ಚಹಾ ಕುಡಿಯುತ್ತ ಹೇಳಿದ್ದರು: “ನಮ್ಮ ಒಬ್ಬೊಬ್ಬರಿಗೂ ಒಂದೊಂದು ಹೆಸರು. ಭೌತಶಾಸ್ತ್ರದವರು ತಮ್ಮ ಜಾರು ಹಲಗಿಗೆ ಇನ್‌ಕ್ಲೈನ್ಡ್ ಅಂತಾರ, ಚನ್ನವೀರ ಡಿಪ್ ಅಂತಾನ, ನಾ ಸ್ಲ್ಯಾಂಟ್ ಅಂತೀನಿ, ಎಲಿಯವರೂ ಬೊಂಬಿಯವರೂ ಅಬ್ಲೀಕ್ ಅಂತಾರ. ಅಮರೇಶ್ವರಿಗೆ ಮಾತ್ರ ಎಲ್ಲಾ ವಾರಿ.” ಅದು ನಿಜ. ಆದರೆ ಹೆಸರುಗಳನ್ನೂ ಆಕೆ ಬಿಟ್ಟಿರಲಿಲ್ಲ. ಚಿತ್ರಪಟಗಳಿಗೆ, ಬಾಟಲಿಗಳಿಗೆ ಹೆಸರಿನ ಚೀಟಿ ಅಂಟಿಸುತ್ತ ಅಂಟಿಸುತ್ತ ಇಂಗ್ಲಿಷಿನ ಅಕ್ಷರ ಕೂಡಿಸಿ ಓದುವುದು ಬಂದಿತ್ತು. ಅಬ್ಲೀಕ್ ಎಂಬುದನ್ನು ಕಣ್ಣು ಮುಚ್ಚಿಯೂ ಗುರುತಿಸುತ್ತಿದ್ದಳು.

ಮುಂದೆ ಒಂದು ದಿನ ಅದೇ ಪದ ತನ್ನ ಮಗಳ ಸ್ಕ್ಯಾನ್ ಕಾಗದದ ಮೇಲೆ ಕಾಣುತ್ತದೆಂದು ಯಾರು ನೆನೆಸಿದ್ದರು.

ರಾಜಶ್ರೀಯನ್ನು ಸಿಂಧನೂರು ತಾಲ್ಲೂಕಿನ ಸಾಲಗುಂದದ ಗುರುಬಸವನಿಗೆ ಕೊಟ್ಟಿತ್ತು. ಕಾಲುವೆ ನೀರಿನ ಭತ್ತದ ಮನೆ. ಅತ್ತೆ ಕಸ್ತೂರೆಮ್ಮ ಕೈಗುಣದವಳೆಂದು ಊರಲ್ಲಿ ಹೆಸರು. ಯಾವ ಮನೆಯ ಕೂಸಿಗೆ ಎಣ್ಣೆ ತಿಕ್ಕಬೇಕಾದರೂ, ಯಾವ ಹೆಂಗಸಿಗೆ ನಡು ಹಿಡಿದರೂ ಆಕೆಯನ್ನೇ ಕರೆಯುತ್ತಿದ್ದರು. ರಾಜಶ್ರೀ ಬಸುರಾಗಿ ಏಳು ತಿಂಗಳು ತುಂಬಿದಾಗ ಸೀಮಂತದ ಕುಬಸ ಮಾಡಿ ಹಸಿರು ಸೀರೆ ಉಡಿಸಿದರು. ಚೊಚ್ಚಲ ಬಾಣಂತನ ತವರುಮನೆಯಲ್ಲಿ ಆಗಬೇಕು. ಒಂಬತ್ತು ನಡೆಯುವಾಗ ಕರೆದುಕೊಂಡು ಹೋಗಲು ಅಮರೇಶ್ವರಿ ಬಂದಳು. ಹೊರಡುವ ಮೊದಲು ಸಿಂಧನೂರಿನ ಆಸ್ಪತ್ರೆಯಲ್ಲೊಮ್ಮೆ ತೋರಿಸಿ ಹೋಗೋಣವೆಂದು ತಾಯಿ ಮಗಳು ಇಳಿದರು.

ಡಾಕ್ಟರ್ ಅರ್ಜುಮಂದ್ ಸ್ಕ್ಯಾನ್ ನೋಡಿ, ಹೊಟ್ಟೆಯ ಮೇಲೆ ಕೈ ಆಡಿಸಿ ನೋಡಿ, ಕುರ್ಚಿ ಹತ್ತಿರ ಎಳೆದುಕೊಂಡರು. “ಕೂಸು ಆರೋಗ್ಯ ಐತಿ. ಆದ್ರ ತಲಿ ಕೆಳಗ ಬಂದಿಲ್ಲ, ಬಲ ಸೊಂಟದ ಮ್ಯಾಗ ಕೂತದ. ಕುಂಡಿ ಎಡ ಪಕ್ಕೀಗೆ ಹತ್ಯಾದ. ವಾರಿ ಮಲಗೇತಿ.”

ಅಮರೇಶ್ವರಿ ಕಾಗದ ನೋಡಿದಳು. ಅಲ್ಲಿತ್ತು ಆ ಪದ. ಬೇವಿನ ಎಲೆಯ ಪಟದ ಕೆಳಗೆ ತಾನೇ ಅಂಟಿಸಿದ್ದ ಚೀಟಿಯಲ್ಲಿದ್ದ ಅದೇ ಅಕ್ಷರಗಳು. ಇಷ್ಟು ವರ್ಷ ಬೆರಗು ಹುಟ್ಟಿಸಿದ ಪದ ಅಂದು ಮೊದಲ ಸಲ ಆಕೆಗೆ ಅಂಜಿಕೆ ಹುಟ್ಟಿಸಿತು.

ಡಾಕ್ಟರ್ ಬಿಡಿಸಿ ಹೇಳಿದರು. ಕೂಸು ತಾನಾಗಿಯೇ ತಿರುಗಬಹುದು. ತಿರುಗದಿದ್ದರೆ ಆಪರೇಷನ್ ಮಾಡಿ ತೆಗೆಯುತ್ತೇವೆ. ಹೊಟ್ಟೆ ತಿಕ್ಕಿಸಬಾರದು. ದೂರದ ಊರಲ್ಲಿ ಇರಬಾರದು. ನೀರು ಒಡೆದರೆ ತಲೆಗಿಂತ ಮೊದಲು ಹೊಕ್ಕುಳಬಳ್ಳಿ ಜಾರಿ ಬರಬಹುದು, ಆಗ ಕೂಸಿಗೆ ಉಸಿರು ನಿಲ್ಲುತ್ತದೆ, ಆ ಹೊತ್ತಿಗೆ ನೀವು ಆಸ್ಪತ್ರೆಯ ಬಾಗಿಲಲ್ಲಿರಬೇಕು. ಲಿಂಗಸುಗೂರು ಅಷ್ಟು ದೂರ, ಸಾಲಗುಂದವೂ ಬೇಡ.

ತಾಯಿ ಮಗಳು ಸಾಲಗುಂದಕ್ಕೇ ತಿರುಗಿ ಬಂದರು. ಅಲ್ಲಿನ ಪಡಸಾಲೆಯಲ್ಲಿ ಅಂದು ಮಧ್ಯಾಹ್ನ ಮಾತು ಬೆಳೆಯಿತು. ಗುರುಬಸವ ಕಂಬಕ್ಕೆ ಒರಗಿ ನಿಂತಿದ್ದ. ಸುದ್ದಿ ಕೇಳಿದ ಕಸ್ತೂರೆಮ್ಮ ಆಗಲೇ ಹರಳೆಣ್ಣೆ ಬೆಚ್ಚಗೆ ಮಾಡಿ ತಂದಿಟ್ಟಿದ್ದಳು.

“ವಾರಿ ಇದ್ದದ್ದನ್ನ ನೆಟ್ಟಗ ಮಾಡಾದು ನನಗೇನು ಹೊಸಾದಲ್ಲವ್ವ,” ಎಂದಳು ಕಸ್ತೂರೆಮ್ಮ. “ಈ ಓಣ್ಯಾಗ ಎಷ್ಟು ಮಂದಿ ಹೊಟ್ಟಿ ಮ್ಯಾಗ ನನ್ನ ಕೈ ಹಾದಾವು, ಕೇಳ ಬೇಕಾದ್ರ. ಒಂದೀಟು ಎಣ್ಣಿ ಹಚ್ಚಿ ಹಿಂಗ ಸರಿಸಿದ್ರ ಸಾಕು, ತಲಿ ಕೆಳಗ ಬರ್ತದ.”

 ಅಮರೇಶ್ವರಿಯ ಕೈಗೂ ಅದೇ ಆಸೆ. ಮಗಳ ಹೊಟ್ಟೆ ಒಂದು ಕಡೆ ಉಬ್ಬಿ ನಿಂತದ್ದು ಸೀರೆಯ ಮೇಲಿಂದಲೂ ಕಾಣುತ್ತಿತ್ತು. ಹಗುರವಾಗಿ ಕೈ ಇಟ್ಟು, ಇತ್ತ ಇಷ್ಟು, ಅತ್ತ ಇಷ್ಟು ಸರಿಸಿಬಿಟ್ಟರೆ ಎಲ್ಲವೂ ಸರಿಹೋದೀತಲ್ಲ. ಜೀವಮಾನವಿಡೀ ಅದನ್ನೇ ಮಾಡಿಕೊಂಡು ಬಂದ ಬೆರಳುಗಳು ಮಡಿಲಲ್ಲಿ ಮಿಸುಕಾಡಿದವು. ಆಕೆ ಎರಡೂ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡಳು.

“ಬೀಗ್ತೇರೆ, ನಿಮ್ಮ ಕೈಗುಣದ ಮ್ಯಾಗ ನನಗ ಅನುಮಾನ ಇಲ್ಲ ರೀ,” ಎಂದಳು ಕೊನೆಗೆ. “ನನ್ನ ಕೈ ಒಮ್ಮೆ ಏನು ಮಾಡ್ತು ಅಂತ ಹೇಳ್ತೀನಿ, ಕೇಳ್ರಿ.” ಗಾಜಿನ ನಳಿಗೆಗಳನ್ನು ಎತ್ತಿ ನಿಲ್ಲಿಸಿದ ಕಥೆ ಹೇಳಿದಳು. ವಾರಿ ಇದ್ದದ್ದಕ್ಕೆ ಏನೋ ಕಾರಣ ಇತ್ತು, ನನಗೆ ತಿಳಿದಿರಲಿಲ್ಲ, ನೋಡಲಾರದೆ ಮುಟ್ಟಿಬಿಟ್ಟೆ ಎಂದಳು.

ಕಸ್ತೂರೆಮ್ಮನ ಮುಖ ಬಿಗಿಯಿತು. “ನಿನ್ನ ಗಾಜಿನ ನಳಿಗೀನೂ ನನ್ನ ವಂಶದ ಕುಡೀನೂ ಒಂದ ಏನವ್ವ?”

“ಒಂದಲ್ರಿ. ಅದಕ್ಕ ಹೇಳಾಕತ್ತೀನಿ. ಅವತ್ತು ನಾ ಕೆಡಿಸಿದ್ದನ್ನ ಮೇಡಂ ಮತ್ತ ಕಾಯಿಸಿದ್ರು, ಸರಿ ಆತು. ಇದನ್ನ ಮತ್ತ ಕಾಯಿಸಾಕ ಬರಂಗಿಲ್ಲ.”

 ಹೊರಸಿನ ಮೇಲೆ ಕೂತಿದ್ದ ರಾಜಶ್ರೀ ಹೊಟ್ಟೆಯ ಎಡಗಡೆ ಕೈ ಇಟ್ಟುಕೊಂಡು ನಿಧಾನವಾಗಿ ಎದ್ದಳು.

“ಅತ್ತೀ, ಅವ್ವಾ, ಇಬ್ರೂ ಕೇಳ್ರಿ. ಹೊಟ್ಟಿ ನಂದು. ಈಗ ಯಾರೂ ಮುಟ್ಟಬ್ಯಾಡ್ರಿ. ನಾ ತವರುಮನೀಗೂ ಹೋಗಂಗಿಲ್ಲ, ಇಲ್ಲೂ ಇರಂಗಿಲ್ಲ. ಸಿಂಧನೂರಾಗ ಆಸ್ಪತ್ರಿ ಬಾಗಿಲ ಮುಂದ ಒಂದು ಖೋಲಿ ನೋಡ್ರಿ. ನೀವಿಬ್ರೂ ನನ್ನ ಕೂಡ ಬರ್ರಿ.”

“ಚೊಚ್ಚಲ ಬಾಣಂತನ ಬಾಡಿಗಿ ಖೋಲ್ಯಾಗ ಏನವ್ವ?” ಎಂದಳು ಕಸ್ತೂರೆಮ್ಮ. ಆದರೆ ಎಣ್ಣೆಯ ಬಟ್ಟಲಿನ ಮೇಲೆ ತಟ್ಟೆ ಮುಚ್ಚಿದಳು.

ಬಾಡಿಗೆಯ ಕೋಣೆ ಬೇಕಾಗಲಿಲ್ಲ. ನಿವೃತ್ತಿಯಾಗಿ ಮನೆಯಲ್ಲಿದ್ದ ಮೆಹರಬಾನು ಅವರಿಗೆ ಅಮರೇಶ್ವರಿ ಫೋನು ಮಾಡಿದಳು. ಅವರ ಮನೆ ಆ ಆಸ್ಪತ್ರೆಯ ಬೀದಿಯಲ್ಲೇ, ನಾಲ್ಕು ಮನೆ ಆಚೆ. “ಕೇಳೋದೇನೈತಿ ಬೇ. ಮುಂದಿನ ಖೋಲಿ ಖಾಲಿ ಐತಿ, ಬರ್ರಿ,” ಎಂದರು. ಬಂದ ದಿನವೇ ಅಡುಗೆಮನೆಯ ಒಂದು ಮೂಲೆಯಲ್ಲಿ ಬೇರೆ ಒಲೆ, ಬೇರೆ ಪಾತ್ರೆ ಇಟ್ಟುಕೊಟ್ಟು, “ಕಸ್ತೂರೆಮ್ಮನವರೆ, ಇದು ನಿಮ್ಮ ಲಿಂಗಾಯತ ಕಡೆ, ಅದು ನಮ್ಮ ಬಿರಿಯಾನಿ ಕಡೆ, ನಡುವ ಉಪ್ಪಿನ ಡಬ್ಬಿ ಗಡಿ,” ಎಂದರು. ಬಿಗಿಮುಖ ಹೊತ್ತು ಬಂದಿದ್ದ ಕಸ್ತೂರೆಮ್ಮನಿಗೂ ನಗು ತಡೆಯಲಾಗಲಿಲ್ಲ.

ಮೇ ತಿಂಗಳು. ಎರಡನೆಯ ಬೆಳೆ ಮನೆ ಸೇರಿ, ಗದ್ದೆಗಳು ಬಿರುಕು ಬಿಟ್ಟು ಮಲಗಿದ್ದವು. ಸಿಂಧನೂರಿನ ಬಿಸಿಲು ಬೆಳಿಗ್ಗೆಯೇ ಗೋಡೆ ಕಾಯಿಸುತ್ತಿತ್ತು. ಮೂವರು ಹೆಂಗಸರೂ ರಾಜಶ್ರೀಯ ಮುಖವನ್ನೇ ನೋಡುತ್ತ ದಿನ ಕಳೆದರು. ಅವಳು ಹೊರಳಿದರೆ ಎದ್ದು ಕೂರುವುದು, ಅವಳು ನಿಟ್ಟುಸಿರಿಟ್ಟರೆ ಏನವ್ವಾ ಎನ್ನುವುದು. ಕೂಸು ತಿರುಗಿರಲಿಲ್ಲ. ಎಡ ಪಕ್ಕೆಯ ಕೆಳಗೆ ಒದೆಯುತ್ತಿತ್ತು, ಬಲ ಸೊಂಟದಲ್ಲಿ ತಲೆಯ ಗುಂಡು ಗಟ್ಟಿಯಾಗಿ ತಾಗುತ್ತಿತ್ತು.

ಅಂಥ ಒಂದು ಮಧ್ಯಾಹ್ನ ಮೆಹರಬಾನು ಅಮರೇಶ್ವರಿಯನ್ನು ಮಾಳಿಗೆಗೆ ಕರೆದರು. ಬಿಸಿಲಿಗೆ ಕಾಲಿಡಲಾಗದೆ ಇಬ್ಬರೂ ಚಪ್ಪಲಿ ಮೆಟ್ಟಿಕೊಂಡೇ ನಿಂತರು. ಮೇಡಂ ಒಂದು ನೀರಿನ ಬಾಟಲಿಯನ್ನು ನೆಲದ ಮೇಲೆ ನಿಲ್ಲಿಸಿದ್ದರು. ಹನ್ನೆರಡು ದಾಟಿ ಸ್ವಲ್ಪ ಹೊತ್ತಾಗಿತ್ತು. ಬಾಟಲಿಯ ನೆರಳು ಗಿಡ್ಡಾಗುತ್ತಾ ಬಂದು, ಕೊನೆಗೆ ಬುಡದೊಳಗೆ ಸೇರಿ ಮಾಯವಾಯಿತು. ಅಮರೇಶ್ವರಿ ತನ್ನ ಕಾಲು ನೋಡಿಕೊಂಡಳು. ಆಕೆಯ ನೆರಳು ಚಪ್ಪಲಿಯ ಸುತ್ತ ಮುದುಡಿ ಕೂತಿತ್ತು. ತಲೆಯ ಮೇಲೆ ಸೂರ್ಯ ನೆಟ್ಟ ಗೂಟದ ಹಾಗೆ ನಿಂತಿದ್ದ.

“ವರ್ಷದಾಗ ಎರಡ ದಿನ ಹಿಂಗ,” ಎಂದರು ಮೆಹರಬಾನು. “ಮತ್ತ ಆಗಸ್ಟ್‌ನ್ಯಾಗ ಒಮ್ಮೆ. ಉಳಿದ ದಿನ ಎಲ್ಲಾ ನಮ್ಮ ಊರಿಗೆ ಮಧ್ಯಾಹ್ನದ ಬಿಸಿಲೂ ವಾರಿನ ಬೀಳ್ತದ. ಯಾಕ ಗೊತ್ತೇನು? ಭೂಮೀನ ಸ್ವಲ್ಪ ವಾಲಿ ತಿರುಗಾಕತ್ತದ. ಹಂಗ ವಾಲಿದ್ದಕ್ಕ ಬ್ಯಾಸಿಗಿ, ಹಂಗ ವಾಲಿದ್ದಕ್ಕ ಮಳಿ.”

“ನೆಟ್ಟಗಿದ್ದಿದ್ರ ಮೇಡಂ?”

“ಇಡೀ ವರ್ಷ ಹೆಚ್ಚುಕಮ್ಮಿ ಒಂದ ಹದ. ಕಾಲ ತಿರುಗೋದ ಇಲ್ಲ. ನಿಮ್ಮ ಬೀಗರು ಭತ್ತ ಯಾವಾಗ ನಾಟಿ ಮಾಡ್ತಿದ್ರು, ಯಾರಿಗೆ ಗೊತ್ತು.”

ಅಮರೇಶ್ವರಿ ಮಾಳಿಗೆಯ ಅಂಚಿನಾಚೆ ನೋಡಿದಳು. ಇಷ್ಟು ದೊಡ್ಡ ಭೂಮಿ, ಇಷ್ಟು ಊರು, ಇಷ್ಟು ಗುಡ್ಡ, ಕಾಲುವೆ, ಜನ, ದನ ಎಲ್ಲವನ್ನೂ ಹೊತ್ತುಕೊಂಡು ಓರೆಯಾಗಿ ತಿರುಗುತ್ತಿದೆ, ಒಂದು ಹನಿ ನೀರೂ ಚೆಲ್ಲಿಲ್ಲ. ಆಕೆಯ ಮೈಯ ಕೂದಲು ನೆಟ್ಟಗಾದವು. ಬಾಟಲಿಯ ಇನ್ನೊಂದು ಬದಿಗೆ ಕಪ್ಪನೆಯ ಎಳೆಯೊಂದು ಆಗಲೇ ಕಾಣಿಸತೊಡಗಿತ್ತು.

“ಮೇಡಂ, ಇದನ್ನೆಲ್ಲ ನೋಡಿದ್ರ ಧೈರ್ಯ ಬರ್ತದ ರೀ. ಕೆಳಗ ಹೋಗಿ ಮಗಳ ಮಾರಿ ನೋಡಿದ್ರ ಮತ್ತ ಅಂಜಿಕಿ ಬರ್ತದ.”

“ಬರಲಿ ಬಿಡು. ನನಗೂ ಬರ್ತದ,” ಎಂದರು ಮೆಹರಬಾನು.

ಮುಂದಿನ ವಾರ, ಬೆಳಗಿನ ಚಹಾದ ಹೊತ್ತಿಗೆ, ರಾಜಶ್ರೀ ಕಪ್ಪನ್ನು ಕೆಳಗಿಟ್ಟು, “ಅವ್ವಾ, ನೀರು,” ಎಂದಳು. ಸೀರೆ ತೊಯ್ದಿತ್ತು.

ಮೆಹರಬಾನು ಫೋನು ಹಚ್ಚಿದರು. ಅರ್ಜುಮಂದ್ ಆಸ್ಪತ್ರೆಯಲ್ಲೇ ಇದ್ದರು. ಅವರ ದನಿ ಜೋರಾಗಿ ಎಲ್ಲರಿಗೂ ಕೇಳಿಸಿತು. “ನಡೆಸಬ್ಯಾಡ್ರಿ. ಎಡ ಮಗ್ಗುಲಿಗೆ ಮಲಗಿಸ್ರಿ. ಸೊಂಟದ ಕೆಳಗ ದಿಂಬು ಕೊಟ್ಟು ಎತ್ತರ ಮಾಡ್ರಿ, ತಲಿ ಕೆಳಗಿರಲಿ. ಹಂಗ ವಾರಿ ಇಟ್ಟುಕೊಂಡ ತರ್ರಿ. ಒಂದ ಕ್ಷಣಾನೂ ಸಪಾಟ ಮಾಡಬ್ಯಾಡ್ರಿ.”

ಪಕ್ಕದ ಮನೆಯ ಯೂನುಸನ ಸಾಮಾನು ಸಾಗಿಸುವ ಆಟೋ ಬಾಗಿಲಿಗೆ ಬಂತು. ಅದರ ಹಾಸಿನ ಮೇಲೆ ಹಾಸಿಗೆ ಹಾಕಿ, ರಾಜಶ್ರೀಯನ್ನು ಎತ್ತಿ ಮಲಗಿಸಿದರು. ಅಮರೇಶ್ವರಿ ಕಾಲಿನ ಕಡೆ ಕೂತು, ಮಗಳ ಸೊಂಟವನ್ನು ದಿಂಬಿನ ಸಮೇತ ತನ್ನ ತೊಡೆಯ ಮೇಲೆ ಎತ್ತಿಕೊಂಡಳು. ಕಸ್ತೂರೆಮ್ಮ ತಲೆಯ ಕಡೆ ಹಲಗೆಯ ಮೇಲೇ ಕುಕ್ಕರಗಾಲಿನಲ್ಲಿ ಕೂತು, ಸೊಸೆಯ ತಲೆಯನ್ನು ಎರಡೂ ಅಂಗೈಯಲ್ಲಿ ಹಿಡಿದಳು. ನಾಲ್ಕು ಮನೆಯ ದಾರಿ. ಬೀದಿಯ ಒಂದೊಂದು ತಗ್ಗಿಗೂ ಆಟೋ ಕುಲುಕಿದಾಗ ಅಮರೇಶ್ವರಿ ಹಲ್ಲುಕಚ್ಚಿ ಸೊಂಟವನ್ನು ಇನ್ನಷ್ಟು ಮೇಲೆತ್ತಿದಳು.  ನೆಟ್ಟಗೆ ಮಾಡುವುದಕ್ಕೇ ಬದುಕೆಲ್ಲ ಸವೆಸಿದ ಕೈಗಳು ಓರೆಯನ್ನು ಕಾಯ್ದುಕೊಳ್ಳಲು ಅಷ್ಟು ಬಲ ಹಾಕಿದ್ದು ಅಂದೇ.

“ಹಿಡಿದೀರಿ ಏನ್ರಿ?” ಎಂದಳು ಅಮರೇಶ್ವರಿ.

“ಹಿಡಿದೀನಿ. ನೀ ಸೊಂಟ ಬಿಡಬ್ಯಾಡ,” ಎಂದಳು ಕಸ್ತೂರೆಮ್ಮ. ಅವಳ ಹೆಬ್ಬೆರಳು ಸೊಸೆಯ ಹಣೆಯನ್ನು ಮೆಲ್ಲಗೆ ಸವರುತ್ತಿತ್ತು.

ಆಪರೇಷನ್ ಕೋಣೆಯ ಬಾಗಿಲು ಮುಚ್ಚಿತು. ಹೊರಗಿನ ಬೆಂಚಿನ ಮೇಲೆ ಬೀಗತಿಯರಿಬ್ಬರೂ ಒಬ್ಬರ ಕೈಯನ್ನೊಬ್ಬರು ಹಿಡಿದು ಕೂತರು. ಯಾರು ಮೊದಲು ಹಿಡಿದರೋ ಇಬ್ಬರಿಗೂ ಆಮೇಲೆ ನೆನಪಾಗಲಿಲ್ಲ. ಮೆಹರಬಾನು ಬಾಯೊಳಗೇ ದುವಾ ಮಾಡುತ್ತಿದ್ದರು. ಸಾಲಗುಂದದಿಂದ ಗುರುಬಸವ ಮೋಟರ್‌ಸೈಕಲ್ ಮೇಲೆ ಬಂದು ತಲುಪುವ ಹೊತ್ತಿಗೆ ಒಳಗಿನಿಂದ ಒಂದು ಅಳು ಕೇಳಿಸಿತು. ಸಣ್ಣದಾಗಿ ಶುರುವಾಗಿ, ಒಮ್ಮೆಲೆ ಸಿಟ್ಟಿನ ದನಿಗೆ ಏರಿತು.

ಹೆಣ್ಣು ಕೂಸು. ಅರ್ಜುಮಂದ್ ಮುಖದ ಬಟ್ಟೆ ಇಳಿಸುತ್ತ ಹೊರಗೆ ಬಂದರು. “ಬಳ್ಳಿ ತಲಿಗಿಂತ ಮುಂದ ಬಂದು ನಿಂತಿತ್ತು. ಚಲೋ ಹಿಡಿಕೊಂಡು ತಂದ್ರಿ. ತಾಯಿ, ಮಗಳು ಇಬ್ರೂ ಆರಾಮ ಅದಾರ.”

ಕಸ್ತೂರೆಮ್ಮ ಎದ್ದು ನಿಂತಳು. “ಯವ್ವಾ, ಒಳಗ ಹೆಂಗ ಮಲಗಿತ್ತು, ಒಂದೀಟು ತೋರಿಸವ್ವ.”

ಡಾಕ್ಟರ್ ತಮ್ಮ ಮೊಣಕೈಯಿಂದ ಬೆರಳ ತುದಿಯವರೆಗಿನ ತೋಳನ್ನು ಹೊಟ್ಟೆಯ ಮೇಲೆ ಓರೆಯಾಗಿಟ್ಟು ತೋರಿಸಿದರು. ಕಸ್ತೂರೆಮ್ಮ ಅದನ್ನು ಬಹಳ ಹೊತ್ತು ನೋಡಿದಳು. ತನ್ನ ತೋಳನ್ನೂ ಹಾಗೆಯೇ ಹೊಟ್ಟೆಯ ಮೇಲಿಟ್ಟು ನೋಡಿಕೊಂಡಳು. “ಇಷ್ಟು ಮಂದಿ ಹೊಟ್ಟಿ ಮುಟ್ಟೀನಿ,” ಎಂದಳು ತನ್ನಷ್ಟಕ್ಕೆ, “ಒಳಗಿಂದು ಎಂದೂ ಹಿಂಗ ಕಂಡಿರಲಿಲ್ಲ.”

ಹೊಲಿಗೆ ಮಾಗುವವರೆಗೆ ಬಾಣಂತಿ ದೂರದ ಪ್ರಯಾಣ ಮಾಡಬಾರದೆಂದು ಡಾಕ್ಟರ್ ಹೇಳಿದಾಗ, ಬಾಣಂತನ ಎಲ್ಲಿ ಎಂಬ ಮಾತು ಮತ್ತೆ ಬಂತು. ಕಸ್ತೂರೆಮ್ಮನೇ ಹೇಳಿದಳು, “ಅಲ್ಲೇ ಆಗಲಿ, ಮೇಡಂ ಮನ್ಯಾಗ. ನಾನೂ ಇರ್ತೀನಿ.”

“ಹಂಗಾದ್ರ ಇನ್ನ ಮ್ಯಾಗ ನನ್ನ ಮನಿ ರಾಜಶ್ರೀ ತವರುಮನಿ ಆತು,” ಎಂದರು ಮೆಹರಬಾನು. “ಗುರುಬಸವಾ, ಮುಂದಿನ ಹಬ್ಬಕ್ಕ ಹೇಣ್ತಿ ಮುನಿಸಿಕೊಂಡ್ರ ನನ್ನ ಬಾಗಿಲಿಗೇ ಬರ್ತಾಳ, ನೆನಪಿರಲಿ.”

ಮಧ್ಯಾಹ್ನದ ಹೊತ್ತಿಗೆ ರಾಜಶ್ರೀಗೆ ಪೂರ್ತಿ ಎಚ್ಚರವಾಯಿತು. ನರ್ಸು ಕೂಸನ್ನು ತಂದು ಎದೆಯ ಬಳಿ ಮಲಗಿಸಿದಳು. ಕೂಸು ಬಾಯಿ ತೆರೆದು ಅತ್ತಿತ್ತ ತಡಕಾಡಿತು, ಸಿಗಲಿಲ್ಲ, ಅಳತೊಡಗಿತು. ರಾಜಶ್ರೀ ಗಾಬರಿಯಿಂದ ಅದನ್ನು ಇನ್ನಷ್ಟು ನೆಟ್ಟಗೆ ಮಾಡಿ ಎದೆಗೊತ್ತಿಕೊಂಡಳು. ಅಮರೇಶ್ವರಿ ಏನು ಮಾಡಬೇಕೆಂದು ತೋಚದೆ ಕಸ್ತೂರೆಮ್ಮನ ಕಡೆ ನೋಡಿದಳು.

ಕಸ್ತೂರೆಮ್ಮ ಕೈ ತೊಳೆದು ಒರೆಸಿಕೊಂಡು ಬಂದಳು. “ಹಂಗಲ್ಲವ್ವ,” ಎಂದು ಸೊಸೆಯ ತೋಳಿನ ಕೆಳಗೆ ದಿಂಬು ಸರಿಸಿದಳು. ಕೂಸಿನ ತಲೆಯನ್ನು ಒಂದು ಅಂಗೈಯಲ್ಲಿ ಹಿಡಿದು ಸ್ವಲ್ಪ ಮೇಲೆತ್ತಿ, ಕಾಲುಗಳನ್ನು ಪಕ್ಕೆಯ ಕಡೆ ಇಳಿಬಿಟ್ಟಳು. “ಒಂದೀಟು ವಾರಿ ಹಿಡಿ. ಹಾಂ, ಹಂಗ.”

ಅಳು ನಿಂತಿತು.  ಅಮರೇಶ್ವರಿ ಬಗ್ಗಿ ನೋಡಿದಳು. ಆ ಸಣ್ಣ ಗಂಟಲು ಒಮ್ಮೆ ನುಂಗಿತು, ನಿಂತಿತು, ಮತ್ತೊಮ್ಮೆ ನುಂಗಿತು.